ಎತ್ತಿನ ಹಿಂದೆ ನಡೆದ ದಲಾಲ

ಸೋಮವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಬಬಲೇಶ್ವರದ ರಸ್ತೆಯ ಮೇಲೆ ಒಂದು ಎತ್ತಿನ ಕೊರಳ ಗೆಜ್ಜೆಸರದ ಸದ್ದು ನಿಂತಿತು. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರಲು ಕಾರಣ, ವಿಜಯಪುರದ ಬಸ್ಸು ತಡವಾಯಿತೆಂದು ನಾನು ಆಗಷ್ಟೇ ಗಡಿಯಾರ ನೋಡಿಕೊಂಡಿದ್ದೆ. ಗೆಜ್ಜೆ ನಿಂತಿತು. ಅದರೊಡನೆ ಎತ್ತಿನ ಹಿಂದೆ ನಡೆದು ಬರುತ್ತಿದ್ದ ಗುರಲಿಂಗಪ್ಪನವರ ಕಾಲುಗಳೂ ನಿಂತವು, ರಸ್ತೆಯ ನಟ್ಟನಡುವೆ. ಇದರಲ್ಲಿ ಯಾರ ಕೆಟ್ಟತನವೂ ಇರಲಿಲ್ಲ. ಎತ್ತು ನಿಂತದ್ದು ಕಾಶವ್ವ ಎಂಬ ಮುದುಕಿ ಅದಕ್ಕೆ ರೊಟ್ಟಿ ಕೊಟ್ಟಿದ್ದರಿಂದ. ಕಾಶವ್ವ ರೊಟ್ಟಿ ಕೊಟ್ಟದ್ದು ಅಂದು ಸೋಮವಾರವಾಗಿದ್ದರಿಂದ. ಅದು ಬಸವಣ್ಣನ ವಾರ. ನಮ್ಮ ಕಡೆ ಆ ದಿನ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಎದುರಾದ ಎತ್ತಿಗೆ ಕೈಮುಗಿಯದೆ ಹಳೆಯ ಹೆಂಗಸರು ದಾಟುವುದಿಲ್ಲ. ಇನ್ನೊಬ್ಬರ ಭಕ್ತಿಯಿಂದಲೂ ಮನುಷ್ಯ ಸಾಯಬಹುದು ಎಂದು ಆವರೆಗೆ ನನಗೆ ಹೊಳೆದಿರಲಿಲ್ಲ.

ಗೆಜ್ಜೆ ನಿಂತರೆ ಕಾಲೇಕೆ ನಿಲ್ಲಬೇಕು ಎಂದು ತಿಳಿಯಲು ಗುರಲಿಂಗಪ್ಪನವರನ್ನು ಮೊದಲಿನಿಂದ ನೋಡಬೇಕು.

ಅವರು ನಮ್ಮ ಪಕ್ಕದ ಮನೆಯವರು, ದನದ ದಲಾಲರು. ಎತ್ತರದ ಆಳು, ಕಚ್ಚೆ ಧೋತರ, ತಲೆಗೆ ಗುಲಾಬಿ ರುಮಾಲು, ಹೆಗಲ ಮೇಲೊಂದು ದಪ್ಪ ಟವೆಲ್. ಆ ಟವೆಲ್ಲೇ ಅವರ ಆಫೀಸು. ನಮ್ಮ ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಇಬ್ಬರು ದಲಾಲರು ಕೈಕುಲುಕುವಂತೆ ಕೈ ಚಾಚುತ್ತಾರೆ, ಮೇಲೆ ಟವೆಲ್ ಮುಚ್ಚುತ್ತಾರೆ, ಒಳಗೆ ಬೆರಳು ಹಿಡಿದು, ಬೆರಳು ಬಿಟ್ಟು ದರ ಕುದುರಿಸುತ್ತಾರೆ. ಹೊರಗೆ ಮುಖಗಳು ಮಳೆಯ ಬಗ್ಗೆ ಮಾತಾಡುತ್ತಿರುತ್ತವೆ. ಹಿಡಿದ ಬೆರಳಿಗೆ ಆಮೇಲೆ ತಪ್ಪುವಂತಿಲ್ಲ. ತಪ್ಪಿದವನೊಡನೆ ಟವೆಲ್ ಕೆಳಗೆ ಇನ್ನಾರೂ ಕೈ ಇಡುವುದಿಲ್ಲ. ಗುರಲಿಂಗಪ್ಪನವರು ತಮ್ಮ ಇಡೀ ಬಾಳನ್ನು ಈ ಕತ್ತಲೆಯ ಪ್ರಾಮಾಣಿಕತೆಯಲ್ಲಿ ಕಳೆದವರು.

ಜಗತ್ತನ್ನು ಅವರು ಎತ್ತಿನ ಅಳತೆಯಲ್ಲೇ ನೋಡುತ್ತಿದ್ದರು. ಶಾಸಕರ ಭಾಷಣ ಕೇಳಿ ಬಂದು, “ಮಾತಿನ್ಯಾಗ ಜಿಗಿತಾನ, ನೊಗಕ್ಕ ಹಚ್ಚಿದ್ರ ಮಕ್ಕೋತಾನ” ಎಂದಿದ್ದರು. ನಾನು ವಿಜಯಪುರದ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ಹೋಗಿಬರಲು ಬ್ಯಾಟರಿ ಸ್ಕೂಟರ್ ಕೊಂಡಾಗ ಅದನ್ನು ಅವರಿಗೆ ತೋರಿಸಿದೆ. ಅವರು ಅದರ ಸುತ್ತ ಸುತ್ತಿ, ಹಿಂಭಾಗ ತಟ್ಟಿ, ದೀಪದ ಕೆಳಗೆ ಬಾಯಿ ಹುಡುಕಿದರು.

“ಹಲ್ಲಿಲ್ಲ ಅಕ್ಕೋರ, ವಯಸ್ಸ ತಿಳಿಯೂದಿಲ್ಲ. ಬ್ಯಾಡ ಬಿಡ್ರಿ.”

ನಮ್ಮಲ್ಲಿ ಶಾಲೆಯ ಟೀಚರಿಗೆ ಅಕ್ಕೋರು ಎನ್ನುತ್ತಾರೆ. ನಾನು ಪಾಠ ಮಾಡುವವಳಲ್ಲ ಎಂದು ಎಷ್ಟು ಸಲ ಹೇಳಿದರೂ, “ಬುಕ್ಕ ಕಾಯಾಕಿನೂ ಅಕ್ಕೋರೇ” ಎಂದು ಮುಗಿಸುತ್ತಿದ್ದರು. ಸ್ಕೂಟರಿನ ಬ್ಯಾಟರಿ ಅದೇ ಬೇಸಿಗೆಯಲ್ಲಿ ಸತ್ತಿತು. ಅಂದಿನಿಂದ ನಾನು ಬಸ್ಸಿನವಳು.

ಕಾಯಿಲೆ ಮೊದಲು ಕಾಣಿಸಿಕೊಂಡದ್ದು ಟವೆಲ್ ಕೆಳಗೆ. ಬಬಲೇಶ್ವರದ ಸಂತೆಯಲ್ಲಿ ಮಮದಾಪುರದ ರೈತನೊಬ್ಬನಿಗಾಗಿ ಅವರು ಒಂದು ಬಿಳಿಯ ಕಿಲಾರಿ ಎತ್ತನ್ನು ಕುದುರಿಸುತ್ತಿದ್ದರು. ಒಳಗೆ ಅವರ ಹೆಬ್ಬೆರಳೂ ತೋರುಬೆರಳೂ ತಾವಾಗಿಯೇ ಗುಳಿಗೆ ತಿರುವಿದಂತೆ ನಡುಗತೊಡಗಿದವು. ಎದುರಿನ ದಲಾಲ ಪಾಪ, ಮುದುಕ ದರ ಏರಿಸುತ್ತಿದ್ದಾನೆ ಎಂದುಕೊಂಡ. ನಡುಗಿದಷ್ಟೂ ಅವನ ಮುಖ ಅರಳಿತು. ಕೊನೆಗೆ ಟವೆಲ್ ತೆಗೆದು “ಆತು ಕಾಕಾ, ಕೊಟ್ಟೆ” ಎಂದು, ವ್ಯಾಪಾರ ಕುದುರಿದ ಗುರುತಿಗೆ ಅರಿಸಿನದ ಭಂಡಾರ ಹಾರಿಸಿದ. ಮಮದಾಪುರದವನು ಆ ದರ ಕೇಳಿ ನಕ್ಕು ಬಸ್ಸು ಹತ್ತಿದ. ಬೆರಳಿಗೆ ತಪ್ಪುವಂತಿಲ್ಲ. ಹೀಗೆ ಜೀವಮಾನವಿಡೀ ಪರರಿಗೆ ಎತ್ತು ಕೊಡಿಸಿದ ಗುರಲಿಂಗಪ್ಪನವರು, ಉಳುಮೆ ಬಿಟ್ಟು ಎಷ್ಟೋ ಕಾಲವಾದ ಮೇಲೆ, ಒಂಟಿ ಎತ್ತೊಂದನ್ನು ಹಿಡಿದುಕೊಂಡು ಮನೆಗೆ ಬಂದರು.

ಅವರ ಹೆಂಡತಿ ನೀಲವ್ವ ಬಾಗಿಲಲ್ಲಿ ನಿಂತು ನೋಡಿದರು. “ಯಾರದು?”

“ನಂದ.”

“ಯಾಕ?”

“ಕೈ ತಂತು.”

ನೀಲವ್ವ ಎತ್ತನ್ನಲ್ಲ, ಕೈಯನ್ನು ನೋಡಿದರು. ಮರುದಿನವೇ ವಿಜಯಪುರಕ್ಕೆ ಕರೆದುಕೊಂಡು ಹೋದರು.

ನರರೋಗದ ಡಾಕ್ಟರು ಅವರನ್ನು ನಡೆಸಿ ನೋಡಿದರು, ತಿರುಗಿಸಿ ನೋಡಿದರು, ಮಣಿಕಟ್ಟು ಹಿಡಿದು ಮಡಚಿ ಬಿಚ್ಚಿದರು, ಬೆನ್ನ ಹಿಂದೆ ನಿಂತು ಭುಜ ಎಳೆದರು. ಗುರಲಿಂಗಪ್ಪನವರಿಗೆ ಎಲ್ಲವೂ ಪರಿಚಿತವಾಗಿತ್ತು. “ಚಲೋ ದಲಾಲ ಅದಾನ. ಹಲ್ಲೊಂದ ನೋಡ್ಲಿಲ್ಲ” ಎಂದು ಬಸ್ಸಿನಲ್ಲಿ ನನಗೆ ವರದಿ ಒಪ್ಪಿಸಿದರು. ಕಾಯಿಲೆಯ ಹೆಸರು ಪಾರ್ಕಿನ್ಸನ್. ವಾಸಿಯಾಗುವುದಲ್ಲ, ಗುಳಿಗೆ ತೆಗೆದುಕೊಳ್ಳಬೇಕು, ಮತ್ತು ಗುಳಿಗೆಯಷ್ಟೇ ತಪ್ಪದೆ ವ್ಯಾಯಾಮ ಮಾಡಬೇಕು. ಗುಳಿಗೆಗೆ ಅವರ ತಕರಾರಿರಲಿಲ್ಲ. ವ್ಯಾಯಾಮ ಎಂಬ ಮಾತಿಗೆ ಮಾತ್ರ ಅವಮಾನವಾಯಿತು. “ಕೆಲಸ ಇಲ್ಲದವರ ಕೆಲಸ ಅದು. ಎತ್ತಿಗೆ ಯಾರರ ವ್ಯಾಯಾಮ ಮಾಡಸ್ತಾರೇನ?”

ಫಿಸಿಯೋಥೆರಪಿ ಕಲಿತ ಸನಾ ಎಂಬ ಹುಡುಗಿಯ ಕೇಂದ್ರ ನಮ್ಮ ಕಾಲೇಜಿನ ಹಿಂದಿನ ಓಣಿಯಲ್ಲಿತ್ತು. ಹಾಗಾಗಿ ದಂಪತಿ ನನ್ನ ಬಸ್ಸಿನಲ್ಲೇ ಬರುತ್ತಿದ್ದರು, ಅವರನ್ನು ಅಲ್ಲಿ ಮುಟ್ಟಿಸಿ ನಾನು ಕೆಲಸಕ್ಕೆ ಹೋಗುತ್ತಿದ್ದೆ. ಸನಾ ನೆಲದ ಮೇಲೆ ಬಣ್ಣದ ಟೇಪಿನ ಗೆರೆ ಅಂಟಿಸಿದ್ದಳು. “ಗೆರಿ ದಾಟಿ ದಾಟಿ ನಡೀರಿ ಅಜ್ಜಾರ. ದೊಡ್ಡ ಹೆಜ್ಜಿ. ಕೈ ದೊಡ್ಡದಾಗಿ ಬೀಸ್ರಿ. ಬಾಯಿ ದೊಡ್ಡದು ಮಾಡಿ ‘ಆ’ ಅನ್ರಿ.” ಕಾಯಿಲೆ ಎಲ್ಲವನ್ನೂ ಸಣ್ಣದು ಮಾಡುತ್ತದಂತೆ: ಹೆಜ್ಜೆ, ದನಿ, ಅಕ್ಷರ, ಮುಖದ ನಗು. ಅದಕ್ಕೆ ಎಲ್ಲವನ್ನೂ ಬೇಕೆಂದೇ ದೊಡ್ಡದಾಗಿ ಮಾಡಬೇಕು.

ದನಿ ಸಣ್ಣದಾದದ್ದು ಅವರಿಗೆ ಬಹಳ ನೋವಿನ ವಿಷಯ. “ಸಂತ್ಯಾಗ ನಾ ಕೂಗಿದ್ರ ಆ ದಂಡಿ ಎತ್ತು ತಿರುಗಿ ನೋಡ್ತಿದ್ದು” ಎಂದು ಅವರು ಪಿಸುಗುಟ್ಟುವುದನ್ನು ನಾವು ಕಿವಿ ಹತ್ತಿರ ತಂದು ಕೇಳಬೇಕಾಗಿತ್ತು. ನೀಲವ್ವನಿಗೆ ಬೇರೆಯೇ ಅನುಭವ. “ಲಗ್ನ ಆದಾಗಿಂದ ಮೊದಲ ಸಲ ಮನ್ಯಾಗ ನನ್ನ ಮಾತು ನನಗ ಕೇಳಾಕತ್ತೈತಿ. ಆ ಗುಣ ಒಂದ ಬಿಟ್ಟು ಉಳಿದದ್ದು ವಾಸಿ ಮಾಡವ್ವ” ಎಂದು ಸನಾಳಿಗೆ ಹೇಳಿದರು.

ಕಾಲು ಅಂಟಿಕೊಳ್ಳುವುದು ಆ ವರ್ಷದ ಕೊನೆಗೆ ಶುರುವಾಯಿತು. ಹೊಸ್ತಿಲು ಬಂದರೆ, ಯಾರಾದರೂ ತಟ್ಟನೆ ಮಾತಾಡಿಸಿದರೆ, ಅವಸರ ಮಾಡಿದರೆ, ಪಾದಗಳು ನೆಲಕ್ಕೆ ಮೊಳೆ ಹೊಡೆದಂತೆ ನಿಲ್ಲುತ್ತಿದ್ದವು. ಮೇಲಿನ ದೇಹ ಮುಂದೆ ಹೋಗುತ್ತಿತ್ತು. ಸನಾ ವಿವರಿಸಿದಳು: ನಡೆ ಎಂದು ಕಾಲಿಗೆ ಹೇಳುವ ಮಿದುಳಿನ ಕೆಲಸ ನಡುವೆ ತಪ್ಪುತ್ತದೆ, ಹೊರಗಿನಿಂದ ಒಂದು ತಾಳವೋ ಒಂದು ಗೆರೆಯೋ ಸಿಕ್ಕರೆ ಕಾಲು ಅದನ್ನು ಹಿಡಿದು ಮತ್ತೆ ಹೊರಡುತ್ತದೆ. ಗುರಲಿಂಗಪ್ಪನವರು ಇದನ್ನು ತಮ್ಮ ಭಾಷೆಗೆ ತಂದುಕೊಂಡರು. “ಮ್ಯಾಲಿನ ಮಾಲಕ ನಡುನಡುವ ಮಕ್ಕೋತಾನ. ಕೆಳಗಿನ ಆಳು ಹುಕುಂ ಬಂದಿಲ್ಲಂತ ನಿಂದರ್ತಾನ. ಆಳಿಂದೇನ ತಪ್ಪಿಲ್ಲ.”

ಹೊರಗಿನ ತಾಳ ಅವರಿಗೆ ಎಲ್ಲಿ ಸಿಕ್ಕಿತೆಂದರೆ, ಕೈ ತಂದ ಎತ್ತಿನ ಕೊರಳಲ್ಲಿ. ಒಂದು ಸಂಜೆ ಹಿತ್ತಲ ಬಾಗಿಲಲ್ಲಿ ಕಾಲು ಅಂಟಿ ನಿಂತಿದ್ದರು. ನೀರು ಕುಡಿಸಲು ನೀಲವ್ವ ಎತ್ತನ್ನು ಬಿಚ್ಚಿದರು. ಎತ್ತು ಘಲ್ಲೆಂದು ಹೊರಟಿತು. ಇವರೂ ಅದರ ಹಿಂದೆ ಹೊರಟರು, ದೊಡ್ಡ ಹೆಜ್ಜೆ ಇಟ್ಟು, ಕೈ ಬೀಸುತ್ತ, ಸಂತೆಗೆ ಹೋಗುವವರ ಹಾಗೆ. ನೀರಿನ ತೊಟ್ಟಿಯ ತನಕ ಹೋದ ಮೇಲೆಯೇ ಇಬ್ಬರಿಗೂ ಅದು ತಿಳಿದದ್ದು. ಮರುವಾರ ಈ ಸುದ್ದಿ ಕೇಳಿ ಸನಾ ಕುರ್ಚಿಯಿಂದ ಎದ್ದೇ ನಿಂತಳು. “ಭಾಳ ಚಲೋ ಆತು ಅಜ್ಜಾರ! ದಿನಾ ನಡೀರಿ. ರಸ್ತಾದ ಮ್ಯಾಲ ಮಾತ್ರ ಬ್ಯಾಡ.”

ಅವರು ಸಲಹೆಯ ಮೊದಲರ್ಧವನ್ನು ಶ್ರದ್ಧೆಯಿಂದ ಪಾಲಿಸಿದರು. “ಎತ್ತು ಹಿತ್ತಲದಾಗ ನಡೀತೈತೇನ್ರಿ? ನಡಗಿ ಕೆಡ್ತೈತಿ” ಎಂದು ಪ್ರತಿದಿನ ಬೆಳಿಗ್ಗೆ ಊರ ಹೊರಗಿನ ರಸ್ತೆಗೆ ಹೊರಟರು. ಮುಂದೆ ಎತ್ತು, ಹಗ್ಗ ಹಿಡಿದು ಹಿಂದೆ ಅವರು. ಅವರಿಗೆ ಮುಖ್ಯವಾಗಿದ್ದುದು ಎತ್ತಿನ ನಡಿಗೆಯೋ ತಮ್ಮದೋ ನನಗೆ ತಿಳಿಯದು. ನೋಡಿದವರಿಗೆ ಮಾತ್ರ, ಮುದಿ ದಲಾಲ ಮಾರಾಟವಾಗದ ಎತ್ತಿಗೆ ಗಿರಾಕಿ ಹುಡುಕುತ್ತ ತಿರುಗುತ್ತಿದ್ದಾನೆ ಎನಿಸುತ್ತಿತ್ತು. ಕೆಲವರು ದರವನ್ನೂ ಕೇಳುತ್ತಿದ್ದರು. ಅವರು ನಿಲ್ಲದೆ, “ಕಾಲು ಮಾರಾಕಿಲ್ಲ” ಎಂದು ದಾಟಿಹೋಗುತ್ತಿದ್ದರು.

ಆ ಸೋಮವಾರ ಕಾಶವ್ವ ಸೆರಗಿನಡಿ ರೊಟ್ಟಿ ಹಿಡಿದು ಎದುರು ಬಂದಳು.

ಈ ಚಿತ್ರವನ್ನು ನಾನು ಎಷ್ಟು ಸಲ ನೋಡಿದ್ದೇನೋ! ಎತ್ತು ತಲೆ ತಗ್ಗಿಸಿ ರೊಟ್ಟಿ ತಿನ್ನುತ್ತಿದೆ. ಕಾಶವ್ವ ಅದರ ಹಣೆ ಮುಟ್ಟಿ, ಕಣ್ಣು ಮುಚ್ಚಿ, ಮನೆಮಂದಿಯ ಹೆಸರೆಲ್ಲ ಹೇಳಿ ಬೇಡಿಕೊಳ್ಳುತ್ತಿದ್ದಾಳೆ. ಅವಳೂ ಎತ್ತೂ ರಸ್ತೆಯ ಅಂಚಿನಲ್ಲಿದ್ದಾರೆ. ಹಗ್ಗದ ಈಚೆ ತುದಿಯಲ್ಲಿ, ಡಾಂಬರಿನ ಮಧ್ಯೆ, ಗುರಲಿಂಗಪ್ಪನವರು. ಆಗ ಇಳಿಜಾರಿನ ಮೇಲಿನಿಂದ ಕಬ್ಬಿನ ಟ್ರ್ಯಾಕ್ಟರ್ ಕಾಣಿಸಿಕೊಂಡಿತು. ಹಿಂದೆ ಎರಡು ಟ್ರೇಲರ್, ಎರಡರಲ್ಲೂ ಆಕಾಶ ಮುಟ್ಟುವಷ್ಟು ಕಬ್ಬು, ಮುಂದೆ ಎರಡು ದೊಡ್ಡ ಸ್ಪೀಕರಿನಲ್ಲಿ ಹಾಡು. ಇಂಥ ಬಂಡಿ ಬೇಕೆಂದಾಗ ನಿಲ್ಲುವುದಿಲ್ಲ. ಅದರ ಡ್ರೈವರಿಗೂ ಇದು ಗೊತ್ತು. ಅದಕ್ಕೇ ಅವನು ಬ್ರೇಕಿಗಿಂತ ಹಾರನ್ನಿನ ಮೇಲೆ ಹೆಚ್ಚು ನಂಬಿಕೆ ಇಟ್ಟಿದ್ದ.

ಬಸ್‌ಸ್ಟಾಪಿನ ಜನರೆಲ್ಲ ಕೂಗಿದರು.

“ಕಾಕಾ, ಸರೀರಿ!”

“ಓಡ್ರಿ, ಓಡ್ರಿ ಯಪ್ಪಾ!”

“ಲೇ ಮುದುಕಾ, ಕಿವಿ ಕೇಳೂದಿಲ್ಲೇನ್ ನಿನಗ!”

ಅವಸರ ಮಾಡಿದಷ್ಟೂ ಕಾಲು ಇನ್ನಷ್ಟು ಅಂಟುತ್ತದೆ. ಅದು ಅಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಹೇಳಲು ಬಾಯಿ ತೆರೆದರೆ ಸದ್ದು ಹೊರಡಲಿಲ್ಲ. ನನಗೆ ಯಾವ ಕಾಯಿಲೆಯೂ ಇಲ್ಲ. ನನ್ನ ಕಾಲೂ ಏಳಲಿಲ್ಲ. ಗುರಲಿಂಗಪ್ಪನವರು ಮಾತ್ರ ಟ್ರ್ಯಾಕ್ಟರನ್ನು, ಸಂತೆಗೆ ಬಂದ ಹೊಸ ದನವನ್ನು ನೋಡುವಂತೆ, ಆಸಕ್ತಿಯಿಂದ ನೋಡುತ್ತಿದ್ದರು. ಕಾಯಿಲೆ ಮುಖದ ಸ್ನಾಯುಗಳನ್ನೂ ಬಿಗಿಯುವುದರಿಂದ ಅವರ ಹೆದರಿಕೆ ಹೊರಗೆ ಬರುತ್ತಿರಲಿಲ್ಲ ಎಂದು ನನಗೆ ಆಮೇಲೆ ತಿಳಿಯಿತು. ಒಳಗೆ ಎಷ್ಟಿತ್ತೋ.

ಕೊನೆಯ ಗಳಿಗೆಯಲ್ಲಿ ಡ್ರೈವರು ಪಕ್ಕದ ಹೊಲಕ್ಕೆ ತಿರುಗಿಸಿದ. ಟ್ರ್ಯಾಕ್ಟರ್ ಬದುವಿಗೆ ಮೂಗು ಊರಿ ನಿಂತಿತು. ಹಿಂದಿನ ಟ್ರೇಲರ್ ಯೋಚನೆ ಮಾಡುವಂತೆ ಒಂದು ಕ್ಷಣ ವಾಲಿ ನಿಂತು, ಆಮೇಲೆ ಮಗ್ಗುಲಾಯಿತು. ಕಬ್ಬಿನ ರಾಶಿ ರಸ್ತೆಯುದ್ದಕ್ಕೂ ಹರಿದು ಬಂದು ಗುರಲಿಂಗಪ್ಪನವರ ಹೆಬ್ಬೆರಳ ಮುಂದೆ ನಿಂತಿತು. ಯಾರಿಗೂ ಗಾಯವಾಗಲಿಲ್ಲ. ಹಾಡು ನಿಲ್ಲಲಿಲ್ಲ.

ಆಗ ಜನ ಓಡಿದರು. ಎಷ್ಟು ಬೇಗ ಓಡಿದರೆಂದರೆ ನನ್ನ ಕಣ್ಣು ತುಂಬಿ ಬಂತು. ಆದರೆ ಅವರು ಓಡಿದ್ದು ಕಬ್ಬಿನ ಕಡೆಗೆ. ನಮ್ಮಲ್ಲಿ ರಸ್ತೆಗೆ ಬಿದ್ದ ಕಬ್ಬು ರಸ್ತೆಯಲ್ಲಿರುವವರದು. ಒಬ್ಬ ತೋಳಿನ ತುಂಬ ಹೊತ್ತ, ಇನ್ನೊಬ್ಬ ಬೈಕಿಗೆ ಕಟ್ಟಿದ, ಮೂರನೆಯವನು ಎಲ್ಲವನ್ನೂ ವಿಡಿಯೊ ಮಾಡಿದ. ಆ ವಿಡಿಯೊ ಮಧ್ಯಾಹ್ನದೊಳಗೆ ತಿಕೋಟಾ ದಾಟಿತ್ತು. ಅದರಲ್ಲಿ ಕಬ್ಬು ಬಹಳ ಚೆನ್ನಾಗಿ ಕಾಣುತ್ತದೆ. ಗುರಲಿಂಗಪ್ಪನವರು ಒಂದು ಅಂಚಿನಲ್ಲಿ ಅರ್ಧ ಮಾತ್ರ. ಡ್ರೈವರು ಇಳಿದು ಬಂದು ಕಬ್ಬು ಹೊತ್ತವರನ್ನು ಬೈಯಬೇಕೋ ನಿಂತ ಮುದುಕನನ್ನು ಬೈಯಬೇಕೋ ತಿಳಿಯದೆ ತನ್ನ ಚಪ್ಪಲಿ ಹುಡುಕತೊಡಗಿದ. ಕಾಶವ್ವ ಕಣ್ಣು ತೆರೆದು ಸುತ್ತ ನೋಡಿ, “ಬಸವಣ್ಣ ಕಾಯ್ದ ನೋಡ್ರಿ” ಎಂದು ಎತ್ತಿಗೆ ಇನ್ನೊಮ್ಮೆ ಕೈಮುಗಿದಳು.

ಗುರಲಿಂಗಪ್ಪನವರು ಇನ್ನೂ ಅಲ್ಲೇ ನಿಂತಿದ್ದರು. ಯಾರೂ ಅವರ ಕೈ ಹಿಡಿಯಲಿಲ್ಲ. ಆಮೇಲೆ ಅವರು ನಿಧಾನವಾಗಿ ಕೆಳಗೆ ನೋಡಿದರು. ಕಬ್ಬಿನ ಜಲ್ಲೆಗಳು ರಸ್ತೆಗೆ ಅಡ್ಡಡ್ಡ ಬಿದ್ದಿದ್ದವು, ಯಾರೋ ಗೆರೆ ಎಳೆದಂತೆ. ಅವರು ಬಲಗಾಲೆತ್ತಿ ಒಂದು ಜಲ್ಲೆ ದಾಟಿದರು. ಎಡಗಾಲೆತ್ತಿ ಇನ್ನೊಂದು ದಾಟಿದರು. ಕೈ ಬೀಸಿದರು. ದೋಚುವವರ ನಡುವೆ, ಬೆನ್ನು ನೆಟ್ಟಗೆ ಮಾಡಿ, ಮೆರವಣಿಗೆಯಲ್ಲಿ ನಡೆವ ಸರದಾರನಂತೆ ಕಬ್ಬು ದಾಟುತ್ತ ಬಂದು ಬಸ್‌ಸ್ಟಾಪಿನ ಕಟ್ಟೆಯ ಮೇಲೆ ನನ್ನ ಪಕ್ಕ ಕೂತರು.

“ಸನಾಬಾಯಿಗಿ ಹೇಳ್ರಿ ಅಕ್ಕೋರ. ಆಕಿ ಟೇಪಿನ ಪಟ್ಟಿಗಿಂತ ಕಬ್ಬ ಚಲೋ.”

ನಾನು ಬಿಕ್ಕಿ ಅತ್ತೆ. ಅವರು ತಮ್ಮ ಟವೆಲ್ ಕೊಟ್ಟರು.

ಸಂಜೆಯೊಳಗೆ ಅವರ ಮಗ ಮಲ್ಲು ತಿಕೋಟಾದಿಂದ ಬಂದ. ಅವನಿಗೆ ಅಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ ಇದೆ. ಒಳ್ಳೆಯ ಮಗ. ಒಳ್ಳೆಯ ಮಗನಾಗಿದ್ದರಿಂದಲೇ ಕೈಗಳಿರುವ ದೊಡ್ಡದೊಂದು ಪ್ಲಾಸ್ಟಿಕ್ ಕುರ್ಚಿ ತಂದಿದ್ದ. “ಇನ್ನ ಇದರ ಮ್ಯಾಲ ಕುಂದರೂದು ಯಪ್ಪಾ. ಏನ ಬೇಕೋ ಬಾಯಿ ಮಾಡು, ಕಾಲು ಮಾಡಬ್ಯಾಡ.” ವ್ಯಾಯಾಮ ಬೇಡವೇ ಬೇಡ, ಎತ್ತನ್ನು ಮಾರುವುದು ಎಂದು ತೀರ್ಮಾನವಾಯಿತು. ಊರೆಲ್ಲ ಮಲ್ಲುವನ್ನು ಹೊಗಳಿತು.

ಗುರಲಿಂಗಪ್ಪನವರು ಕುರ್ಚಿಯ ಮೇಲೆ ಬಹಳ ಸುರಕ್ಷಿತವಾಗಿ ಕೂತರು. ಆ ಸುರಕ್ಷತೆಯಲ್ಲಿ ಅವರ ಬೆನ್ನು ಬಾಗಿತು. ತುತ್ತು ನುಂಗುವುದು ನಿಧಾನವಾಯಿತು. ತಾವಾಗಿ ಏಳುತ್ತಿದ್ದವರನ್ನು ನೀಲವ್ವ ಕಂಕುಳಲ್ಲಿ ಕೈ ಹಾಕಿ ಎಬ್ಬಿಸುವಂತಾಯಿತು. ಇತ್ತ ನನಗೆ ನಿದ್ದೆ ಹೋಯಿತು. ಕಣ್ಣು ಹತ್ತುವಾಗಲೇ ಆ ಹಾರನ್ ಕೇಳಿಸಿ ಎದ್ದು ಕೂರುತ್ತಿದ್ದೆ. ಟ್ರೇಲರ್ ವಾಲುತ್ತಿತ್ತು, ವಾಲುತ್ತಲೇ ಇತ್ತು. ಗೋಡೆಯಾಚೆ ಅವರು ಕುರ್ಚಿಯಲ್ಲಿ ಭದ್ರವಾಗಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡರೂ ಪ್ರಯೋಜನವಾಗಲಿಲ್ಲ.

ಇದನ್ನೆಲ್ಲ ಸನಾಳಿಗೆ ಹೇಳಿದೆ. ಆಕೆ ನೆಲದಿಂದ ಹಳೆಯ ಟೇಪು ಕೀಳುತ್ತಿದ್ದವಳು ತಲೆ ಎತ್ತಿದಳು.

“ಕೂತರ ಅಪಾಯ ಇಲ್ಲ ಅಂತ ಯಾರ ಹೇಳ್ಯಾರ್ರಿ ಮೇಡಂ? ರಸ್ತಾದಾಗಿನ ಅಪಾಯ ಹಾರನ್ ಹೊಡೀತದ. ಕುರ್ಚಿದು ಹೊಡೆಯೂದಿಲ್ಲ, ಅಷ್ಟ.”

ಎತ್ತು ನೋಡಲು ಬಿಜ್ಜರಗಿಯ ಕಡೆಯಿಂದ ಒಬ್ಬ ದಲಾಲ ಬಂದ ದಿನ ಭಾನುವಾರವಾದ್ದರಿಂದ ನಾನೂ ಮನೆಯಲ್ಲಿದ್ದೆ. ಮಲ್ಲು ನನ್ನನ್ನು ಕರೆದ. ಅಪ್ಪ ತಕರಾರು ಮಾಡಿದರೆ ಅಪಾಯವನ್ನು ವರ್ಣಿಸಲು ಓದಿದವರೊಬ್ಬರು ಬೇಕಾಗಿತ್ತು. ತಕರಾರೇ ಇರಲಿಲ್ಲ. ಗುರಲಿಂಗಪ್ಪನವರು ಒಂದೇ ಮಾತು ಹೇಳಿದರು: “ನನ್ನ ಎತ್ತು. ಕೈ ನಾನ ಕೊಡ್ತೇನಿ.”

ಬಂದವನಿಗೆ ಸಂತೋಷವಾಯಿತು. ಹಿರಿಯ ದಲಾಲನ ಕೈ ಹಿಡಿಯುವುದೆಂದರೆ ಅವರಲ್ಲಿ ಮರ್ಯಾದೆ. ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕೈ ಚಾಚಿದ. ನೀಲವ್ವ ಟವೆಲ್ ಹೊದಿಸಿದರು. ಕೆಳಗೆ ಏನೋ ಅಲೆಯಂತೆ ಕುಣಿಯತೊಡಗಿತು. ಬಂದವನು ಮಳೆಯ ಮಾತು ತೆಗೆದ, ನಡುವೆಯೇ ಬಿಟ್ಟ. ಹುಬ್ಬು ಗಂಟಿಕ್ಕಿದ. ಹಣೆಯಲ್ಲಿ ಬೆವರು ಕಂಡಿತು.

“ಕಾಕಾ, ಒಂದ ದರ ಹೇಳ್ರಿ. ನೀವು ಒಮ್ಮೆಲೆ ನಾಕ ಹೇಳಾಕತ್ತೀರಿ.”

“ನಾ ಒಂದ ಹೇಳೇನಿ. ಉಳಿದದ್ದು ಜಡ್ಡು ಹೇಳಾಕತ್ತೈತಿ.”

“ಮತ್ತ ನಾ ಯಾವುದ ಹಿಡೀಲಿ?”

“ಯಾವುದರ ಹಿಡಿ. ಹಿಡಿದ ಬೆರಳಿಗೆ ತಪ್ಪಬ್ಯಾಡ ಮತ್ತ.”

ಬಿಜ್ಜರಗಿಯವನು ಬೆಂಕಿ ಮುಟ್ಟಿದವನಂತೆ ಕೈ ಹೊರಗೆಳೆದುಕೊಂಡ. ಚಹಾ ಬರುವ ತನಕವೂ ನಿಲ್ಲಲಿಲ್ಲ. ಆ ನಡುಕದಲ್ಲಿ ಎಷ್ಟು ಪಾಲು ಕಾಯಿಲೆಯದು, ಎಷ್ಟು ಪಾಲು ವೃತ್ತಿಯದು ಎಂದು ನಾನು ಅವರನ್ನು ಎಂದೂ ಕೇಳಲಿಲ್ಲ.

ಮಲ್ಲು ನನ್ನ ಕಡೆ ತಿರುಗಿದ. ಅವನ ದನಿಯಲ್ಲಿ ಅಳು ಇತ್ತು. “ಅಕ್ಕೋರ, ನೀವ ಕಣ್ಣಾರೆ ನೋಡೀರಿ. ಹೇಳ್ರಿ ಇವರಿಗಿ. ಅವತ್ತ ಏನಾಗತಿತ್ತು?”

“ಸಾಯ್ತಿದ್ರು” ಎಂದೆ. “ಅದನ್ನ ನೋಡಿದಾಗಿಂದ ನನಗ ನಿದ್ದಿ ಇಲ್ಲ. ಆದರ ಅದರ ಮುಂದ ಅವರು ಕಬ್ಬು ದಾಟಿ ನಡೆದದ್ದನ್ನೂ ನೋಡೇನಿ ಮಲ್ಲು. ನೀವು ನೋಡಿದ ವಿಡಿಯೊದಾಗ ಅದು ಬಂದಿಲ್ಲ. ಈ ಕುರ್ಚಿ ಮ್ಯಾಲ ಕುಂತವರು ಅವರಲ್ಲ.”

ಚಹಾದ ತಟ್ಟೆ ಹಿಡಿದು ಒಳಗಿನಿಂದ ಬಂದ ನೀಲವ್ವ, ಗಿರಾಕಿ ಓಡಿಹೋದದ್ದನ್ನು ನೋಡಿ, ಅವನ ಪಾಲಿನದನ್ನು ಮಗನ ಕೈಗಿಟ್ಟರು.

“ರಸ್ತಾ ಮಾರಾಕ ಬರೂದಿಲ್ಲಂತ ಎತ್ತು ಮಾರಾಕ ಹೊಂಟೀಯೇನಲೇ? ಹಿತ್ತಲದಾಗ ಕಣ ಬಿದ್ದೈತಿ. ನಿಮ್ಮಪ್ಪನಂಗ ಅದಕ್ಕೂ ಕೆಲಸಿಲ್ಲ.”

ಜೋಳದ ರಾಶಿಗೆ ಮಷಿನ್ ಬಂದ ಮೇಲೆ ನಮ್ಮ ಊರಿನ ಕಣಗಳೆಲ್ಲ ಹಾಳು ಬಿದ್ದಿವೆ. ಹಿಂದೆ ನಡುವೆ ಮೇಟಿಕಂಬ ನೆಟ್ಟು, ತೆನೆ ಹರವಿ, ಎತ್ತುಗಳನ್ನು ಸುತ್ತ ತುಳಿಸುತ್ತಿದ್ದರು. ಹಿಂದೆ ಮನುಷ್ಯ ಹಾಡುತ್ತ ಸುತ್ತುತ್ತಿದ್ದ. ನೀಲವ್ವ ಆ ಕಣದ ಕಸ ತೆಗೆಸಿ, ಸೆಗಣಿ ಸಾರಿಸಿದರು. ಮಲ್ಲು ಶೆಡ್ಡಿನಿಂದ ಹಳೆಯ ಕಂಬ ತಂದು ನೆಟ್ಟ. ಸನಾ ಒಂದು ಭಾನುವಾರ ಬಂದು ಸುತ್ತುವ ದಾರಿಗೆ ಅಡ್ಡಡ್ಡ ಸುಣ್ಣದ ಗೆರೆ ಎಳೆದಳು. ಎತ್ತು ಘಲ್ಲು ಘಲ್ಲೆಂದು ಸುತ್ತತೊಡಗಿತು. ಹಿಂದೆ ಗುರಲಿಂಗಪ್ಪನವರು, ಗೆರೆ ದಾಟುತ್ತ, ರಾಶಿ ತುಳಿಸುವಾಗಿನ ಹಂತಿಯ ಹಾಡನ್ನು ಸನಾ ಹೇಳಿದಂತೆ ಬಾಯಿ ದೊಡ್ಡದು ಮಾಡಿ ಹಾಡುತ್ತ. ಕೆಳಗೆ ಒಂದು ಕಾಳೂ ಇರಲಿಲ್ಲ. ಬೇಲಿಯ ಆಚೆ ನಿಂತವರು ನಕ್ಕರು.

“ಏನ್ ಒಕ್ಕಾಕತ್ತೀರಿ ಕಾಕಾ?”

“ನನ್ನ ನಾ ಒಕ್ಕಾಕತ್ತೇನಿ. ಹೊಟ್ಟು ಭಾಳ ಐತಿ, ಕಾಳು ಬಂದಾಗ ಹೇಳಿ ಕಳಸ್ತೇನಿ.”

ಬೆನ್ನು ಪೂರ್ತಿ ನೆಟ್ಟಗಾಗಲಿಲ್ಲ. ನಡುಕ ಹೋಗಲಿಲ್ಲ. ಕೆಲವು ದಿನ ಗುಳಿಗೆ ಕೆಲಸ ಮಾಡದೆ ಕಂಬ ಹಿಡಿದೇ ನಿಂತಿರುತ್ತಿದ್ದರು. ಆದರೆ ತಾವಾಗಿ ಏಳುವುದು ಮರಳಿ ಬಂತು, ದನಿ ಬಂತು. ನೀಲವ್ವ ಕಿವಿ ಮುಚ್ಚಿಕೊಂಡು ಸನಾಳನ್ನು ಶಪಿಸುವಷ್ಟು ಬಂತು.

ಭೂತನಾಳದ ಕೆರೆಯ ದಂಡೆಯಲ್ಲಿ ವಾಕಿಂಗ್ ಮಾಡುತ್ತಿದ್ದ ಸನಾಳ ಇನ್ನೊಬ್ಬ ರೋಗಿ, ನಿವೃತ್ತ ಇಂಜಿನಿಯರ್ ಒಬ್ಬರು, ಈ ಸುದ್ದಿ ಕೇಳಿ ಕಾರಿನಲ್ಲಿ ಬಂದರು. ಬಿಳಿ ಬೂಟು, ಕೈಯಲ್ಲಿ ಹೆಜ್ಜೆ ಎಣಿಸುವ ಗಡಿಯಾರ. ಗುರಲಿಂಗಪ್ಪನವರು ಅವರನ್ನು ಒಂದು ಸುತ್ತು ಸುತ್ತಿ ನೋಡಿದರು. ಮಂಡಿ ಒತ್ತಿದರು. “ಸಾಹೇಬ್ರ, ಸ್ವಲ್ಪ ಬಾಯಿ ತಗೀರಿ” ಎಂದರು. ಇಂಜಿನಿಯರು ಇದೂ ಚಿಕಿತ್ಸೆಯ ಭಾಗವಿರಬೇಕೆಂದು ಬಾಯಿ ತೆರೆದರು. ಹಲ್ಲು ನೋಡಿ ಗುರಲಿಂಗಪ್ಪನವರು ನನಗೆ ಮೆಲ್ಲಗೆ ಹೇಳಿದರು: “ಕಟ್ಟಿಸ್ಯಾರ. ಆದರೂ ಕೆಲಸಕ್ಕ ಬರ್ತಾರ.” ಅಂದಿನಿಂದ ಪ್ರತಿ ಭಾನುವಾರ ಒಂದು ಎತ್ತಿನ ಹಿಂದೆ ಇಬ್ಬರು ನಡೆದರು. ಇಂಜಿನಿಯರು ತಪ್ಪು ಹೆಜ್ಜೆ ಇಟ್ಟರೆ ಹಿಂದಿನಿಂದ “ಹೈ ಹೈ!” ಎಂದು ಕೂಗು ಬೀಳುತ್ತಿತ್ತು. ಅವರು ಅದನ್ನು ಬಹಳ ಗೌರವದಿಂದ ಪಾಲಿಸುತ್ತಿದ್ದರು.

ಅಂಥ ಒಂದು ಭಾನುವಾರ ನಾನು ಕಣದ ಬದಿಯಲ್ಲಿ ಕೂತು ನೋಡುತ್ತಿದ್ದೆ. ಇಂಜಿನಿಯರು ಬಂದಿರಲಿಲ್ಲ. ಸುತ್ತುತ್ತಿದ್ದ ಎತ್ತು ಇದ್ದಕ್ಕಿದ್ದಂತೆ ನಿಂತಿತು. ಅದಕ್ಕೆ ಯಾರೂ ರೊಟ್ಟಿ ಕೊಟ್ಟಿರಲಿಲ್ಲ, ಸುತ್ತಿ ಸುತ್ತಿ ಬೇಸರ ಬಂದಿರಬೇಕು. ಗೆಜ್ಜೆ ನಿಂತಿತು. ಸುಣ್ಣದ ಗೆರೆ ಹಿಂದಿನ ಮಳೆಗೆ ಅಳಿಸಿಹೋಗಿತ್ತು. ನಾನು ಎದ್ದು ನಿಂತೆ. ಗುರಲಿಂಗಪ್ಪನವರ ಬಲಗಾಲು ನೆಲಕ್ಕಂಟಿ ನಡುಗಿತು. ಒಂದು ಗಳಿಗೆ. ಆಮೇಲೆ ಅವರು ಹೊಟ್ಟೆಯಾಳದಿಂದ, ಸಂತೆಯ ಆ ದಂಡೆಗೆ ಕೇಳುವಂತೆ, “ಹೈ!” ಎಂದು ಕೂಗಿದರು, ತಮ್ಮ ಕಾಲಿಗೆ. ಕಾಲು ಎದ್ದಿತು. “ಹೈ!” ಇನ್ನೊಂದು ಎದ್ದಿತು. ಕೂಗುತ್ತ ಕೂಗುತ್ತ ಎತ್ತಿನ ಪಕ್ಕದಿಂದ ಹಾಯ್ದು, ಅದನ್ನು ಹಿಂದೆ ಬಿಟ್ಟು, ಒಂದು ಸುತ್ತು ಪೂರ್ತಿ ಹಾಕಿ ಅದರ ಎದುರಿಗೆ ಬಂದು ನಿಂತರು.

“ನೋಡ್ರಿ ಅಕ್ಕೋರ, ಇನ್ನ ಇದನ್ನ ಮಾರಬಹುದು.”

ಮಾರಲಿಲ್ಲ. ಅವರೊಡನೆ ನನ್ನ ಕೊನೆಯ ಮಾತು ಅದೇ. ಆ ವಾರವೇ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು. ವಿಜಯಪುರದ ಆಸ್ಪತ್ರೆಯಲ್ಲಿ, ಎರಡೂ ಬದಿಗೆ ಕಂಬಿ ಇರುವ, ಯಾರೂ ಬೀಳಲಾರದ ಹಾಸಿಗೆಯ ಮೇಲೆ ಅವರು ತೀರಿಕೊಂಡರು. ಟ್ರ್ಯಾಕ್ಟರಿಗೂ ಎತ್ತಿಗೂ ಸೋಮವಾರಕ್ಕೂ ಇದರಲ್ಲಿ ಯಾವ ಸಂಬಂಧವೂ ಇರಲಿಲ್ಲ. ಇಷ್ಟು ದಿನ ನಾನು ತಪ್ಪು ದಿಕ್ಕನ್ನು ಕಾಯುತ್ತ ಎಚ್ಚರವಿದ್ದೆ.

ಮಣ್ಣು ಕೊಟ್ಟು ಬಂದ ದಿನ ಸಂಜೆ ಗೋಡೆಗೆ ಒರಗಿ ಕೂತವಳು ಅಲ್ಲೇ ಮಲಗಿದೆ. ಹಾರನ್ ಕೇಳಲಿಲ್ಲ. ಟ್ರೇಲರ್ ವಾಲಲಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಕಾಲ ಮೇಲಿತ್ತು. ಇಡೀ ರಾತ್ರಿ ನಿದ್ದೆ ಮಾಡಿದ್ದೆ, ಅದೂ ಅವತ್ತೇ. ನಾಚಿಕೆಯಿಂದ ಮುಖ ತೊಳೆದುಕೊಂಡು ಪಕ್ಕದ ಮನೆಗೆ ಹೋದೆ. ನೀಲವ್ವ ಅಡುಗೆಮನೆಯಲ್ಲಿ ಒಬ್ಬರೇ ಕೂತಿದ್ದರು. ಸಮಾಧಾನ ಹೇಳಲು ಹೋದವಳು, ಮೊದಲಿಗೆ ನಿದ್ದೆ ಬಂದದ್ದನ್ನೇ ಹೇಳಿಬಿಟ್ಟೆ.

ಅವರು ನನ್ನ ಮುಖ ನೋಡಿದರು. ಆಮೇಲೆ ಬಾಗಿಲ ಕಡೆ ನೋಡಿ, ಮಂದಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದರು.

“ನಾನೂ ಮಕ್ಕೊಂಡೆ ಯವ್ವಾ. ರಾತ್ರಿ ಪೂರ್ತಿ. ಈ ಜಡ್ಡ ಬಂದಾಗಿಂದ ಕನಸಿನ್ಯಾಗ ದನ ಹೊಡೀತಿದ್ರು, ಬೆಳತನ ಒದಿ ನನಗ ಬೀಳ್ತಿದ್ದು. ನಿನ್ನೆ ಯಾರೂ ಒದೀಲಿಲ್ಲ.” ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. “ಎದ್ದ ಮ್ಯಾಲ ಹೊಳೀತು, ಯಾಕ ಒದ್ದಿಲ್ಲಂತ.”

ಆಮೇಲೆ ಅವರು ಒಲೆಯ ಮೇಲೆ ಚಹಾಕ್ಕೆ ನೀರಿಟ್ಟರು.